ಏರಿನ ಹಲ್ಲು, ಹೈವೇಯ ಹಲ್ಲು

ಬೆಳಿಗ್ಗೆ ಇವರ ಅಂಗಿಯನ್ನು ಬಕೆಟಿಗೆ ಹಾಕುವಾಗ ಆ ನಾತ ಮೂಗಿಗೆ ಬಡಿಯಿತು. ಗೇರ್ ಎಣ್ಣೆಯದ್ದು. ಕೊಳೆತ ಮೊಟ್ಟೆಗೆ ಸೀಮೆಎಣ್ಣೆ ಬೆರೆಸಿದ ಹಾಗೆ, ಎಷ್ಟು ಸೋಪು ಹಾಕಿದರೂ ಬಿಡುವುದಿಲ್ಲ. ನಿಮ್ಮ ಮನೆಯಲ್ಲಿ ಪಿಕಪ್ ಇಲ್ಲದಿದ್ದರೆ ಅದರ ಅರ್ಥ ನಿಮಗೆ ತಿಳಿಯಲಿಕ್ಕಿಲ್ಲ. ಗಾಡಿಯ ಹಿಂದಿನ ಚಕ್ರಗಳ ನಡುವೆ ಇರುವ ಹೌಸಿಂಗನ್ನು, ಅಂದರೆ ಹಲ್ಲಿನ ಚಕ್ರಗಳ ಗೂಡನ್ನು, ಬಿಚ್ಚಿದ್ದಾರೆ ಎಂದು ಅರ್ಥ. ಅದೂ ನನಗೆ ಹೇಳದೆ.

ನಾನು ಪುಕ್ಕಲು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕುಕ್ಕರ್ ಸೀಟಿ ಹಾಕುವ ಹೊತ್ತಿಗೆ ನಾನು ಅಂಗಳದಲ್ಲಿರುತ್ತೇನೆ. ಅಂಥವಳನ್ನು ಮೂಡುಬಿದಿರೆಯಲ್ಲಿ ಜನರೇಟರ್ ಬಾಡಿಗೆಗೆ ಕೊಡುವವರಿಗೆ ಕೊಟ್ಟು ಮದುವೆ ಮಾಡಿದರು. ಮದುವೆಮನೆಯೋ ಭೂತದ ನೇಮವೋ, ಕರೆಂಟನ್ನು ನಂಬಲಾಗದ ಕಡೆಗೆಲ್ಲ, ಎರಡು ಚಕ್ರದ ಮೇಲೆ ಕೂತ ಆ ಜನರೇಟರನ್ನು ಪಿಕಪ್ಪಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುವುದು ಇವರ ಕೆಲಸ. ಜನರೇಟರಿನ ಚಕ್ರಕ್ಕೆ ಬ್ರೇಕ್ ಇಲ್ಲ. ಅದು ಗೊತ್ತಾದ ದಿನದಿಂದ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದವಳಲ್ಲ.

ಹಿಂದಿನ ಕಥೆ ಇಷ್ಟು: ಏರಿನಲ್ಲಿ ನಮ್ಮ ಪಿಕಪ್ ಕೋಣದ ಹಾಗೆ ಎಳೆಯುತ್ತಿತ್ತು. ಹೈವೇಯಲ್ಲಿ ಮಾತ್ರ ಮರ್ಯಾದೆ ತೆಗೆಯುತ್ತಿತ್ತು. ಫರಂಗಿಪೇಟೆ ದಾಟುವಾಗ ಎಂಜಿನ್ ಬೊಬ್ಬೆ ಹೊಡೆಯುವುದು, ಗಾಡಿ ಮುಂದೆ ಹೋಗದಿರುವುದು. ಒಮ್ಮೆ ಆಟೋದಲ್ಲಿ ಕೂತ ಅಜ್ಜಿಯೊಬ್ಬರು ನಮ್ಮನ್ನು ಹಿಂದೆ ಹಾಕುತ್ತ ಕನಿಕರದಿಂದ ನೋಡಿದರು. ಇವರಿಗೆ ಅದು ತಡೆಯಲಿಲ್ಲ. ಮರುದಿನವೇ ಬಂಟ್ವಾಳದ ಗ್ಯಾರೇಜಿಗೆ ಹೋದೆವು.

ಮೆಕ್ಯಾನಿಕ್ ಸಂಜೀವಣ್ಣ ವಿವರಿಸಿದರು. "ಒಳಗೆ ಒಂದು ದೊಡ್ಡ ಹಲ್ಲಿನ ಚಕ್ರ ಉಂಟು, ಒಂದು ಸಣ್ಣದು. ನಿಮ್ಮದರಲ್ಲಿ ಸಣ್ಣದು ಐದು ಸುತ್ತು ಬಂದ್ರೆ ಟಯರು ಒಂದು ಸುತ್ತು. ಎಳೀತದೆ, ಓಡುದಿಲ್ಲ. ನಾಲ್ಕಕ್ಕೆ ಒಂದು ಸುತ್ತಿನ ಸೆಟ್ಟೂ ಸಿಗ್ತದೆ. ಅದು ಓಡ್ತದೆ, ಎಳೆತ ಸ್ವಲ್ಪ ಕಡಿಮೆ."

"ಸ್ವಲ್ಪ ಅಂದ್ರೆ ಎಷ್ಟು?" ಎಂದೆ ನಾನು.

"ಈಗ ರೋಡೆಲ್ಲ ಕಾಂಕ್ರೀಟ್ ಅಲ್ವಾ ಅಕ್ಕ. ಏನೂ ಆಗುದಿಲ್ಲ."

ಯಾರಾದರೂ ಏನೂ ಆಗುವುದಿಲ್ಲ ಎಂದರೆ ಸಾಕು, ನನಗೆ ಹೆದರಿಕೆ ಶುರುವಾಗುತ್ತದೆ. ಆದರೆ ಇವರಿಗೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೈವೇಯ ಸೆಟ್ಟು ಹಾಕಿಸಿಯೇಬಿಟ್ಟರು.

ಗಾಡಿಗೆ ದೊಡ್ಡ ರಿಪೇರಿ ಆದರೆ ದೇವರಿಗೆ ತೋರಿಸದೆ ಭಾರ ಹೊರಿಸುವ ಕ್ರಮ ನಮ್ಮಲ್ಲಿಲ್ಲ. ಮೊದಲ ಓಟ ಖಾಲಿ ಗಾಡಿಯಲ್ಲಿ, ದೇವಸ್ಥಾನಕ್ಕೆ. ಟಯರಿನ ಅಡಿಗೆ ಲಿಂಬೆಹಣ್ಣು ಇಟ್ಟು, ಕಾಯಿ ಒಡೆಸಿ, ಅಲ್ಲಿಂದ ಕಲ್ಲಡ್ಕಕ್ಕೆ ಹೋಗಿ ಚಾ ಕುಡಿದು ಬಂದೆವು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡಿತು. "ನೋಡಿದೆಯಾ?" ಎಂದು ಇವರು ದಾರಿಯುದ್ದಕ್ಕೂ ಕೇಳಿದರು. ದೇವರ ಕೆಲಸವೂ ಆಯಿತು, ಗಾಡಿಯ ಪರೀಕ್ಷೆಯೂ ಆಯಿತು ಎಂದು ಸಂಜೀವಣ್ಣನೂ ನಾವೂ ನಂಬಿಕೊಂಡೆವು. ಗಾಡಿಯ ಹಿಂದೆ ಜನರೇಟರ್ ಇರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ ನೋಡಿ.

ಅದೇ ವಾರ ಬೆಳ್ತಂಗಡಿಯ ಆಚೆ ನನ್ನ ದೊಡ್ಡಮ್ಮನ ಮಗಳ ಹೊಸ ಮನೆಯ ಒಕ್ಕಲು, ಗೃಹಪ್ರವೇಶ. ಮನೆ ಗುಡ್ಡೆಯ ತಲೆಯಲ್ಲಿ, ಕರೆಂಟು ಇನ್ನೂ ಬಂದಿರಲಿಲ್ಲ. ಮುನ್ನಾದಿನ ಮಧ್ಯಾಹ್ನ ಜನರೇಟರ್ ಎಳೆದುಕೊಂಡು ಹೊರಟೆವು. ನೆಂಟರ ಮನೆಯಲ್ಲವೇ, ನಾನು ರೇಷ್ಮೆ ಸೀರೆಯುಟ್ಟು ಮುಂದೆ ಕೂತಿದ್ದೆ. ಜೆಸಿಬಿಯಲ್ಲಿ ಆಗಷ್ಟೇ ಕಡಿದ ಮಣ್ಣಿನ ರಸ್ತೆ, ಕಡಿದಾದ ಏರು, ಒಂದು ಬದಿಯಲ್ಲಿ ಕಮರಿ. ಇಂಥ ಕಡೆ ಜೊತೆಯವರು ಇಳಿದು, ಕಲ್ಲು ಹಿಡಿದುಕೊಂಡು ಹಿಂದೆ ನಡೆಯಬೇಕು. ಗಾಡಿ ನಿಂತರೆ ಚಕ್ರಕ್ಕೆ ಅಡ್ಡ ಇಡಬೇಕು. ಆ ಕೆಲಸ ಮಾಡುವ ಆಳು ವಯರಿಂಗಿಗೆಂದು ಮುಂಚೆಯೇ ಹೋಗಿದ್ದ. ಹಾಗಾಗಿ ರೇಷ್ಮೆ ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಒಂದು ಕೆಂಪುಕಲ್ಲನ್ನು ಎದೆಗವಚಿಕೊಂಡು ಜನರೇಟರಿನ ಪಕ್ಕದಲ್ಲಿ ನಡೆದವಳು ನಾನು.

ಅರ್ಧ ಏರಿದ್ದೇ ಕ್ಲಚ್ಚಿನ ಸುಟ್ಟ ವಾಸನೆ ಬಂತು. ಗಾಡಿ ಕೆಮ್ಮಿತು, ಎಂಜಿನ್ ಆಫ್ ಆಯಿತು. ಒಂದು ಗಳಿಗೆ ಹಕ್ಕಿಯ ಸದ್ದೂ ಇರಲಿಲ್ಲ. ಆಮೇಲೆ ಇಡೀ ಗಾಡಿ, ಬ್ರೇಕ್ ಹಿಡಿದಿದ್ದರೂ, ಸಡಿಲ ಮಣ್ಣಿನಲ್ಲಿ ಹಿಂದಕ್ಕೆ ಜಾರತೊಡಗಿತು. ಜನರೇಟರ್ ಕಮರಿಯ ಬದಿಗೆ ತಿರುಗಿತು. ಅದು ಬಿದ್ದರೆ ಪಿಕಪ್ಪನ್ನೂ ಎಳೆದುಕೊಂಡೇ ಬೀಳುವುದು. ಒಳಗೆ ಇವರು.

ಅಯ್ಯೋ ದೇವರೇ! ಬಗ್ಗಿ ಜನರೇಟರಿನ ಚಕ್ರಕ್ಕೆ ಕೆಂಪುಕಲ್ಲು ಅಡ್ಡ ಇಟ್ಟೆ. ಚಕ್ರ ಅದನ್ನು ಹಪ್ಪಳದ ಹಾಗೆ ಪುಡಿ ಮಾಡಿತು. ಕೈಗೆ ಸಿಕ್ಕಿದ ಕಪ್ಪುಕಲ್ಲೊಂದನ್ನು ತಳ್ಳಿ, ಕೈ ಎಳೆದುಕೊಂಡು, ಅಲ್ಲೇ ಚರಂಡಿಯಲ್ಲಿ ಕುಕ್ಕರಿಸಿದೆ. ಗಾಡಿ ನಿಂತಿತು.

"ಹ್ಯಾಂಡ್‌ಬ್ರೇಕ್ ಹಾಕಿ ಇಳೀರಿ ಮಾರಾಯ್ರೆ!" ಎಂದು ಕೂಗಿದೆ. ಇವರು ಇಳಿಯಲಿಲ್ಲ. ಬೈಯುವುದಕ್ಕೆಂದೇ ಮುಂದೆ ಹೋದೆ. ಸ್ಟಿಯರಿಂಗ್ ಹಿಡಿದು, ಎರಡೂ ಕಾಲು ಬ್ರೇಕಿನ ಮೇಲಿಟ್ಟು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದರು. ತೋಳು ಮುಟ್ಟಿದೆ. ಕಣ್ಣು ತೆರೆದು ನನ್ನನ್ನು ಯಾರೋ ಎಂಬಂತೆ ನೋಡಿದರು. ಅಷ್ಟರಲ್ಲಿ ಮೇಲಿನಿಂದ ಜನ ಓಡಿಬಂದರು, ಜೆಸಿಬಿ ಕಟ್ಟಿ ಎಳೆದರು.

ಮನೆಗೆ ಬಂದವರೇ ಹಳೆಯ ಸೆಟ್ಟು ಹಾಕಿಸಿದರು. ಆಮೇಲೆ ಗುಡ್ಡೆಯ ಕಡೆ ಬಾಡಿಗೆಯಿದ್ದರೆ ನನ್ನನ್ನು ಕರೆದದ್ದೇ ಇಲ್ಲ. ನಾನೋ, ನೆಂಟರು ಸೇರಿದಲ್ಲೆಲ್ಲ ಇವರ ಕಾಲೆಳೆದೆ: "ಹೈವೇಯಲ್ಲಿ ಹುಲಿ, ಗುಡ್ಡೆಯಲ್ಲಿ ಕಣ್ಣು ಮುಚ್ಚಿದ ಬೆಕ್ಕು!" ಎಲ್ಲರೂ ನಗುತ್ತಿದ್ದರು, ಇವರೂ ನಗುತ್ತಿದ್ದರು.

ಹಾಗಿರುವಾಗ ಇವತ್ತು ಈ ನಾತ. ಒದ್ದೆ ಕೈಯಲ್ಲೇ ಹೋಗಿ ಕೇಳಿದೆ. "ಪುನಃ ಹೈವೇಯ ಹಲ್ಲು ಹಾಕಿಸಿದಿರಾ?"

"ಎಣ್ಣೆ ಸೋರ್ತಿತ್ತು, ಸೀಲ್ ಹಾಕಿಸಿದೆ ಅಷ್ಟೆ. ಆ ಹಲ್ಲನ್ನು ನಾನು ಇನ್ನು ಮುಟ್ಟುದಿಲ್ಲ."

"ಅಬ್ಬ, ಅಷ್ಟು ಹೆದರಿಕೆಯಾ!" ಎಂದೆ, ಎಂದಿನ ಹಾಗೆ.

ಇವರು ನಗಲಿಲ್ಲ. "ಅವತ್ತು ಕನ್ನಡಿಯಲ್ಲಿ ನೀನು ಕಾಣ್ತಾ ಇದ್ದೆ. ಮತ್ತೆ ಬಗ್ಗಿದೆ, ಕಾಣ್ಲಿಲ್ಲ. ಗಾಡಿ ಒಮ್ಮೆ ಎಂಥದ್ದನ್ನೋ ಹತ್ತಿ ಇಳೀತು. ಮತ್ತೆ ನಿಂತಿತು. ಕಲ್ಲಿಗೆ ತಾಗಿ ನಿಂತದ್ದಾ, ನಿನಗೆ ತಾಗಿ ನಿಂತದ್ದಾ ಅಂತ ನನಗೆ ಗೊತ್ತಾಗ್ಲಿಲ್ಲ. ನೀನು ಕೂಗಿದ್ದು ಕಿವಿಗೇ ಬೀಳ್ಲಿಲ್ಲ. ಇಳಿದು ನೋಡ್ಲಿಕ್ಕೆ ಧೈರ್ಯ ಬರ್ಲಿಲ್ಲ."

ನಾಳೆ ಗುಡ್ಡೆಯ ಮೇಲೊಂದು ಮದುವೆಮನೆಗೆ ಜನರೇಟರ್ ಹೋಗಲಿಕ್ಕುಂಟಂತೆ. ನಾನೂ ಬರುತ್ತೇನೆ ಎಂದೆ. ಎಷ್ಟೇ ಏರಿರಲಿ, ಇಳಿಯುವುದಿಲ್ಲ, ನಿಮಗೆ ಕಾಣುವ ಹಾಗೆ ಪಕ್ಕದಲ್ಲೇ ಕೂತಿರುತ್ತೇನೆ ಎಂದೆ.

"ಕೂತ್ಕೊ" ಎಂದರು.