ಗಡಿಯಾರ ಬಿಚ್ಚಿಡುವವರು

ಅವರನ್ನು ನೋಡುತ್ತಾ ನಿಂತಿದ್ದಕ್ಕೆ ಆ ದಿನ ನಿಪ್ಪಾಣಿಯ ಬೆಲ್ಲದ ಹರಾಜು ನನ್ನ ಕೈತಪ್ಪಿತು. ಆ ನಷ್ಟಕ್ಕೆ ಇಂದಿಗೂ ಮರುಗಿಲ್ಲ.

ರಾಯಬಾಗದ ವಸತಿ ಮದರಸಾಕ್ಕೆ ಬೆಲ್ಲ ಹಾಕಲು ಹೋಗಿದ್ದೆ. ಬೆಳೆಯುವ ವಯಸ್ಸಿನ ಆರೋಗ್ಯದ ಬಗ್ಗೆ ಕಿರಿಯರಿಗೆ ತಿಳಿಹೇಳಲು ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನೇ ಆರೋಗ್ಯ ಸಲಹೆಗಾರರೊಬ್ಬರು ತಯಾರು ಮಾಡುತ್ತಿದ್ದರು; ನಾನು ನೋಡುತ್ತಾ ನಿಂತದ್ದು ಅವರನ್ನೇ. ಯಾರಾದರೂ ಮಾತು ಶುರು ಮಾಡಿದರೆ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಳ್ಳುವುದು ಅವರ ರೂಢಿ.

ಅಂದು ಟ್ರಂಕು ಹಿಡಿದು ಊರಿಗೆ ಹೊರಟಿದ್ದ ಹದಿಮೂರರ ಹುಡುಗನನ್ನು ಹಿರಿಯ ಹುಡುಗನೊಬ್ಬ ಅವರ ಬಳಿ ಕರೆತಂದ. ಅಲ್ಲಿ ಅಜಾನ್ ಕೂಗುತ್ತಿದ್ದವನು ಅವನೇ.

"ದನಿ ಒಡದೈತ್ರಿ. ಏನೋ ಪಾಪ ಮಾಡೀನಿ, ಅದಕ್ಕ ಅಲ್ಲಾ ಕಸಗೊಂಡಾನ," ಎಂದ.

ನಾನು ಸುಮ್ಮನಿರಲಿಲ್ಲ. "ಶುಂಠಿ ಬೆಲ್ಲ ತಿನ್ನೋ, ಸರಿ ಹೋಗ್ತೈತಿ."

ಅವರು ಅಂಗೈ ಎತ್ತಿದರು. "ತಡೀರಿ ಸಾವ್ಕಾರ್ರ, ಅಂವ ಮುಗಸ್ಲಿ." ಬಾಯಿ ತೆರೆದಿದ್ದ ಆ ಹಿರಿಯ ಹುಡುಗನಿಗೂ ಅದೇ ಮಾತು: "ತಡಿ, ಅಂವ ಮುಗಸ್ಲಿ."

ಹುಡುಗ ಅತ್ತು, ಹೇಳಿ, ಮತ್ತೆ ಅತ್ತು ಮುಗಿಸಿದ. ಆಗ ಅವರು ಹಿರಿಯನತ್ತ ತಲೆಯಾಡಿಸಿದರು.

"ವಯಸ್ಸಿಗೆ ಬಂದಾಗ ಎಲ್ಲಾರ ದನೀನೂ ಒಡಿತೈತಲೇ, ಪಾಪ ಅಲ್ಲ. ಹೋದ ವರ್ಷ ನಾ ಕತ್ತೆಯಂಗ ಒದರ್ತಿದ್ದೆ, ನೀನ ನಗತಿದ್ದಿ!"

ಹುಡುಗ ಆ ಒಡೆದ ದನಿಯಲ್ಲೇ ನಕ್ಕು, ಟ್ರಂಕನ್ನು ಒಳಗೆ ಒಯ್ದ.

ಉತ್ತರ ಅವರಿಗೆ ಮೊದಲೇ ಗೊತ್ತಿತ್ತು. ಆದರೂ ಅದನ್ನು ಹುಡುಗನ ಹಿರಿಯ ಗೆಳೆಯನ ಬಾಯಿಗೆ ಬಿಟ್ಟುಕೊಟ್ಟು, ಗಡಿಯಾರ ಕಟ್ಟಿಕೊಂಡರು. ಇಷ್ಟು ವರ್ಷದ ವ್ಯಾಪಾರದಲ್ಲಿ ಅಂಥ ತಾಳ್ಮೆಯನ್ನು ನಾನು ಯಾರಲ್ಲೂ ಕಂಡಿರಲಿಲ್ಲ.

ನಿಮ್ಮ ಮನೆಯಲ್ಲೂ ಬೆಳೆಯುವ ಮಕ್ಕಳಿದ್ದರೆ ನನ್ನ ಮಾತು ಕೇಳಿ. ಮಕ್ಕಳು ಬಾಯಿ ಬಿಟ್ಟ ಕೂಡಲೇ ಗಡಿಯಾರ ಬಿಚ್ಚಿಡಿ. ಶುಂಠಿ ಬೆಲ್ಲ ಆಮೇಲೆ ಕೊಟ್ಟರಾಯಿತು.