ರಿಜಿಸ್ಟರಿನ ತುಂಬ ನಮ್ಮ ಮೇಷ್ಟ್ರು

ಗೆಳೆಯರೇ, ನಶೆಯ ಇಂಜೆಕ್ಷನ್ ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ ಕೊಡುವ ನಮ್ಮ ನಂಗಲಿ ಕೇಂದ್ರಕ್ಕೆ ಇವತ್ತು ಕೋಲಾರದಿಂದ ಸಾಹೇಬರೊಬ್ಬರು ಬಂದಿದ್ದರು. ರಿಜಿಸ್ಟರು ತಿರುವಿ ಕೇಳಿದರು: "ಏನ್ರೀ, ತಿಂಗಳೆಲ್ಲ ಒಬ್ಬನೇ ಬಂದಿದ್ದಾನೆ? ಒಬ್ಬನಿಗೋಸ್ಕರ ಕೇಂದ್ರ ಯಾಕೆ? ಮುಚ್ಚಿಬಿಡಿ."

ಸೂಜಿ ಕೊಡುವವನು ನಾನೇ ಆದರೂ ಅವರು ಬರೆದದ್ದನ್ನು ಓದಿರಲಿಲ್ಲ. ಈಗ ನೋಡಿದರೆ ಅದು ನಮ್ಮ ಏಳನೇ ಕ್ಲಾಸಿನ ಲೆಕ್ಕದ ಮೇಷ್ಟ್ರ ಹೆಸರು. ಸೂಜಿಗೆಂದು ಬಂದು ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಐವರೂ ಅದನ್ನೇ ಬರೆದಿದ್ದರು. ಐವರೂ ನನ್ನ ಕ್ಲಾಸಿನವರು, ಕೊನೇ ಬೆಂಚು.

ಹೊಸ ಸೂಜಿ ನಿಂತರೆ ಹಳೆಯದೊಂದೇ ಐವರ ಕೈಗೂ ಹೋಗುತ್ತದೆ, ಜೊತೆಗೆ ರೋಗವೂ ಹೋಗುತ್ತದೆ ಎಂದು ಕರಪತ್ರಗಳಲ್ಲಿ ಓದಿದ್ದನ್ನೆಲ್ಲ ಹೇಳಿದೆ. "ಭಾಷಣ ಸಾಕು, ಜನ ಎಷ್ಟು ಅಂತ ತೋರಿಸಿ" ಎಂದರು ಸಾಹೇಬರು.

ಕಟ್ಟೆಯ ಹತ್ತಿರ ಹೋಗಿ, "ನಿಮ್ಮ ಹೆಸರೇ ಬರೀರೋ" ಎಂದೆ.

"ಬರೆದ್ರೆ ಪೊಲೀಸ್ನೋರು ಮನೆ ಬಾಗ್ಲಿಗೆ ಬರ್ತಾರೆ ಕಣೋ. ನೀನು ಬಿಡಿಸ್ತೀಯಾ?"

ಆಗ ಹುಣಸೆಮರದ ಕೆಳಗಿನ ನಮ್ಮ ಕ್ಲಾಸು ನೆನಪಾಯಿತು. ಮೇಷ್ಟ್ರು ಹಾಜರಿಯಲ್ಲಿ ಯಾರ ಹೆಸರನ್ನೂ ಕೂಗುತ್ತಿರಲಿಲ್ಲ, ನಂಬರು ಮಾತ್ರ.

"ಹೆಸರು ಬೇಡ, ಮೇಷ್ಟ್ರು ಕೂಗ್ತಿದ್ದ ನಂಬರ್ ಹೇಳ್ರೋ."

ಒಬ್ಬ ಎದ್ದು ಕೈಕಟ್ಟಿ ನಿಂತ. "ಹದಿನೇಳು, ಪ್ರೆಸೆಂಟ್ ಸಾರ್." ಉಳಿದವರೂ ನಗುತ್ತಾ ಎದ್ದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಾಹೇಬರು ಎಣಿಸಿದರು, ಇನ್ನು ನಂಬರನ್ನೇ ಬರೆಯಿರಿ ಎಂದರು. ಕೇಂದ್ರ ಉಳಿಯಿತು. (ಇಲ್ಲಿ ನಂಬರು ಬದಲಿಸಿದ್ದೇನೆ, ಹುಡುಕಬೇಡಿ.)

ಶಾಲೆಯಲ್ಲಿ ನಮ್ಮ ಕೊನೇ ಬೆಂಚು ಒಂದು ದಿನವೂ ಪೂರ್ತಿ ತುಂಬಿರಲಿಲ್ಲ. ಇವತ್ತು ತುಂಬಿತ್ತು.