ರಿಲೀವರ್ ಬಾರದ ಶಿಫ್ಟ್

ಲೋಕವೆಲ್ಲ ನಾಶವಾದ ಮೇಲೆ ಉಳಿದವಳೊಬ್ಬಳು ಅಲೆಯುವ ಆ ಗೇಮನ್ನು ನಾನು ಮೂರು ವರ್ಷ ಆಡಿದೆ. ನಲವತ್ತು ದಾಟಿದ ಹೆಂಗಸು ಕಂಪ್ಯೂಟರಿನಲ್ಲಿ ಬಂದೂಕು ಹಿಡಿದು ಓಡುತ್ತಾಳೆ ಅಂತ ಅಕ್ಕಪಕ್ಕದವರು ನಕ್ಕರು. ನಗಲಿ. ಅವರ ಮನೆಯಲ್ಲಿ ನೆನಪು ಕಳೆದುಕೊಂಡ ಅಪ್ಪ ಇರಲಿಲ್ಲ.

ಗೇಮಿನಲ್ಲಿ ಎತ್ತ ಬೇಕಾದರೂ ಹೋಗಬಹುದಿತ್ತು, ಅದೇ ಅದರ ದೊಡ್ಡ ಗುಣ. ಪಾಳುಬಿದ್ದ ಯಾವ ಮನೆಯ ಬಾಗಿಲನ್ನಾದರೂ ತಳ್ಳಿದರೆ ಮೇಜಿನ ಮೇಲೆ ಎರಡು ತಟ್ಟೆ, ಮೂಲೆಯಲ್ಲಿ ಮಗುವಿನ ಒಂದೇ ಬೂಟು. ಅಲ್ಲಿದ್ದವರ ಕಥೆ ಅಷ್ಟರಲ್ಲೇ ತಿಳಿಯುತ್ತಿತ್ತು. ಅಪ್ಪನನ್ನು ಬಿಟ್ಟು ದಾಂಡೇಲಿ ಸಂತೆಗೂ ಹೋಗಲಾಗದ ನನಗೆ ಅದು ಸಣ್ಣ ಸುಖವಲ್ಲ. ಕಾಡು ಮಾತ್ರ ತೀರಾ ಕಳಪೆ. ಕುಳಗಿಯ ಹಾದಿಯಲ್ಲಿ ಒಮ್ಮೆ ನಡೆದವರು ಅದನ್ನು ಕಾಡು ಅನ್ನಲಾರರು. ಜನವಂತೂ ಇನ್ನೂ ಕಳಪೆ, ನಾಲ್ಕು ಮಾತಿನ ಮೇಲೆ ಐದನೆಯದು ಬಾರದು. ಆ ಲೋಕವನ್ನೆಲ್ಲ ಸುತ್ತಿದರೂ ಮುದುಕರಿಗೆ ಸ್ನಾನ ಮಾಡಿಸುವ ಒಬ್ಬರೂ ನನಗೆ ಕಾಣಲಿಲ್ಲ. ಅಲ್ಲಿ ಮುದುಕರೇ ಇರಲಿಲ್ಲ.

ಅಪ್ಪ ಕಾಗದದ ಮಿಲ್ಲಿನಲ್ಲಿ ಮಷಿನ್ ನೋಡಿಕೊಳ್ಳುತ್ತಿದ್ದವರು. ಪಾಳಿ ಬದಲಾಗುವಾಗ ಕೂಗುವ ಮಿಲ್ಲಿನ ಸೈರನ್, ಅವರ ಬಾಯಲ್ಲಿ ಭೋಂಗಾ, ಅದೇ ಅವರ ಗಡಿಯಾರವಾಗಿತ್ತು. ನಿವೃತ್ತಿಯಾದ ಮೇಲೆ ಮಿಲ್ಲಿನ ಕಾಲೊನಿ ಬಂಗೂರನಗರ ಬಿಟ್ಟು ಊರಾಚೆ ಮನೆ ಮಾಡಿದೆವು, ಭೋಂಗಾ ಇಲ್ಲಿಗೆ ಕೇಳುವುದಿಲ್ಲ. ನೆನಪು ಹೋದ ಮೇಲೆ ಅವರು ಸ್ನಾನಕ್ಕೆ ಕರೆದರೆ ಹೊಡೆಯುತ್ತಿದ್ದರು. ನನ್ನನ್ನು ಯಾರೋ ಅಂದುಕೊಂಡಿದ್ದರು.

ಒಂದು ಬೆಳಗ್ಗೆ, ಅವರು ಎದ್ದರೆ ನನಗೆ ಕೇಳಲಿ ಅಂತ ಹೆಡ್‌ಫೋನ್ ತೆಗೆದು ಆಡುತ್ತಿದ್ದೆ. ಗೇಮಿನಲ್ಲಿ ವಿಷದ ಬಿರುಗಾಳಿ ಬರುವ ಮೊದಲು ಒಮ್ಮೆ ಸೈರನ್ ಕೂಗುತ್ತದೆ, ಗಾಳಿ ನಿಂತ ಮೇಲೆ ಇನ್ನೊಮ್ಮೆ. ಮೊದಲನೆಯದು ಕೂಗಿದ್ದೇ ತಡ, ಅಪ್ಪ ಎದ್ದು ನಿಂತರು.

"ಭೋಂಗಾ ಆತು. ನನ್ನ ಡಬ್ಬಿ ಎಲ್ಲೈತಿ?"

ತಾವೇ ಸ್ನಾನ ಮಾಡಿದರು. ಉಂಡರು. ಡಬ್ಬಿ ಹಿಡಿದು ಕಿಟಕಿಯ ಬಳಿಯ ಕುರ್ಚಿಯಲ್ಲಿ ಮಷಿನ್ ಮುಂದೆ ಕೂತವರ ಹಾಗೆ ಕೂತರು. ಮಧ್ಯಾಹ್ನ ಗೇಮಿನ ಗಾಳಿ ನಿಂತು ಕೂಗಿದ ಎರಡನೇ ಸೈರನ್ನಿಗೆ ಎದ್ದು ನನ್ನ ಬಳಿ ಬಂದು, "ಬಂದೆ ನೋಡವಾ ಮಗಳ, ಭಾಳ ದಣದೇನಿ" ಅಂದು ಹಾಸಿಗೆಗೆ ಹೋದರು. ಮಗಳೆಂದು ಕರೆದು ಎಷ್ಟು ತಿಂಗಳಾಗಿತ್ತೋ. ನಾನು ಬಚ್ಚಲಿಗೆ ಹೋಗಿ ಅತ್ತೆ.

ಆ ಬಿರುಗಾಳಿಗೆ ಮುಂಚಿನ ಕ್ಷಣವನ್ನು ಸೇವ್ ಮಾಡಿಟ್ಟುಕೊಂಡು ದಿನಾ ಅಲ್ಲಿಂದಲೇ ಶುರುಮಾಡತೊಡಗಿದೆ. ಮಧ್ಯಾಹ್ನಕ್ಕೆ ಒಂದು ಗಳಿಗೆ ನಾನು ಮಗಳಾಗುತ್ತಿದ್ದೆ. ಆ ಗಳಿಗೆಗಾಗಿಯೇ ದಿನ ದೂಡುತ್ತಿದ್ದೆ.

ಮಳೆಗಾಲದಲ್ಲಿ ಒಂದು ದಿನ ಮೊದಲ ಸೈರನ್ ಆದ ಮೇಲೆ ಕರೆಂಟು ಹೋಯಿತು. ಹಳಿಯಾಳ ರಸ್ತೆಯಲ್ಲಿ ಲೈನಿನ ಮೇಲೆ ಮರ ಬಿದ್ದಿತ್ತಂತೆ. ಸೈರನ್ನಿನ ಸದ್ದನ್ನು ಮೊದಲೇ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳುವಷ್ಟು ಬುದ್ಧಿ ನನಗೆ ಹೊಳೆದಿರಲಿಲ್ಲ. ನೆಟ್‌ವರ್ಕೂ ಇರಲಿಲ್ಲ. ಸಂಜೆಯಾದರೂ ಅಪ್ಪ ಕುರ್ಚಿ ಬಿಟ್ಟು ಏಳಲಿಲ್ಲ.

"ಶಿಫ್ಟ್ ಮುಗೀತು ಅಪ್ಪಾ, ಏಳ್ರಿ."

"ಭೋಂಗಾ ಆಗಿಲ್ಲ. ರಿಲೀವರೂ ಬಂದಿಲ್ಲ. ಮಷಿನ್ ಬಿಟ್ಟು ಹೆಂಗ ಬರ್ಲಿ?"

ಮುಂದಿನ ಪಾಳಿಯ ರಿಲೀವರ್ ಬಂದು ನಿಲ್ಲುವವರೆಗೆ ಮಷಿನ್ ಬಿಡಬಾರದು, ಅದು ಅವರ ಇಡೀ ಜೀವಮಾನದ ಶಿಸ್ತು. ಕೂತಲ್ಲೇ ಒದ್ದೆ ಮಾಡಿಕೊಂಡರು. ನೀರನ್ನೂ ಮುಟ್ಟಲಿಲ್ಲ. ಬೆಳಗಾದಾಗ ಕಾಲು ಬಾತು ಹೋಗಿತ್ತು, ಕುತ್ತಿಗೆ ನಿಲ್ಲುತ್ತಿರಲಿಲ್ಲ. ಸತ್ತೇ ಹೋಗುತ್ತಾರೆ ಅನ್ನಿಸಿತು.

ಆಗ ಅವರ ಹಳೆಯ ಖಾಕಿ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡು ಎದುರು ನಿಂತೆ.

"ನಾನು ರಿಲೀವರ್ ಬಂದೇನ್ರಿ. ನೀವು ಹೋಗ್ರಿ."

ಅಪ್ಪನ ಮುಖ ಸಡಿಲಾಯಿತು. ಗೋಡೆ ಹಿಡಿದು ಎದ್ದರು. "ಎರಡನೇ ರೋಲರ್ ಜರಾ ನೋಡ್ಕೋರಿ, ಬಿಸಿ ಆಗಾಕತ್ತೈತಿ" ಅಂದರು. ಗೆದ್ದೆ ಅಂದುಕೊಂಡೆ. ಅವರು ಹಾಸಿಗೆಯನ್ನು ದಾಟಿ ಹೊರಬಾಗಿಲ ಕಡೆ ನಡೆದರು. ಅಡ್ಡ ನಿಂತು, ಹೇಗೋ ಹಿಡಿದು ತಂದು ಮಲಗಿಸಿದೆ.

ಮರುದಿನ ಕರೆಂಟು ಬಂತು. ಸೇವ್ ಮಾಡಿಟ್ಟ ಜಾಗದಿಂದ ಶುರುಮಾಡಿದೆ. ಗೇಮಿನಲ್ಲಿ ಎಲ್ಲ ಮೊದಲಿನಂತೆಯೇ ಇತ್ತು, ಅದೇ ಬಿರುಗಾಳಿ, ಅವೇ ಎರಡು ಸೈರನ್. ಖಾಕಿ ತೆಗೆದು ಸೀರೆ ಉಟ್ಟು, ಹಾಸಿಗೆಯ ಬಳಿ ನಿಂತು ಕಾದೆ. ಎರಡನೆಯದಕ್ಕೆ ಅಪ್ಪ ಕುರ್ಚಿಯಿಂದ ಎದ್ದು ಡಬ್ಬಿ ಹಿಡಿದು ನನ್ನ ಬಳಿ ಬಂದರು. ಜೊತೆಯ ಕೆಲಸಗಾರನನ್ನು ನೋಡುವಂತೆ ನೋಡಿದರು.

"ಗೇಟ್ ತಗೀರಿ. ನಿನ್ನೆಯಿಂದ ಮನಿಗೆ ಹೋಗಿಲ್ಲ. ಮಗಳು ಒಬ್ಬಾಕಿನ ಅದಾಳ."

ನಾನು ಬಾಗಿಲಿಗೆ ಬೀಗ ಹಾಕಿದ್ದೆ.